ಬಾವುಟ ಕೊಟ್ಟ ಪತ್ತೇದಾರಿ ಕಾದಂಬರಿಕಾರ

ನವೆಂಬರ್ ಬಂತೆಂದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಎನ್ನದೆ ಕನ್ನಡಿಗರು ನೆಲೆಸಿದ ಊರುಗಳಲ್ಲೆಲ್ಲ ಹಳದಿ-ಕೆಂಪು ಬಾವುಟ ಏರುತ್ತದೆ. ಸಂಘದ ಕಪಾಟಿನಲ್ಲಿ ವರ್ಷವಿಡೀ ಮಡಚಿಟ್ಟಿದ್ದ ಬಾವುಟವನ್ನು ಹೊರತೆಗೆದು, ಇಸ್ತ್ರಿ ಹಾಕಿ ಕಂಬಕ್ಕೆ ಕಟ್ಟುತ್ತಾರೆ. ನಾಡಗೀತೆ, ಭಾಷಣ, ಮಕ್ಕಳ ನೃತ್ಯ, ಊಟ. ಈ ಬಾವುಟವನ್ನು ರೂಪಿಸಿದವರು ಯಾರು ಎಂದು ಆ ಸಭೆಯಲ್ಲಿ ಕೇಳಿದರೆ ಕೈಯೆತ್ತುವವರು ಬೆರಳೆಣಿಕೆಯಷ್ಟು ಮಂದಿ. ಕೈಯೆತ್ತಿದವರಿಗೂ ಅವರು ಹೊಟ್ಟೆಪಾಡಿಗೆ ಏನು ಬರೆಯುತ್ತಿದ್ದರು ಎಂಬುದು ಗೊತ್ತಿರುವುದು ಅಪರೂಪ.

ಅವರ ಹೆಸರು ಮ. ರಾಮಮೂರ್ತಿ. ಅವರು ಬರೆಯುತ್ತಿದ್ದುದು ಪತ್ತೇದಾರಿ ಕಾದಂಬರಿಗಳನ್ನು.

1918ರಲ್ಲಿ ಹುಟ್ಟಿದ ರಾಮಮೂರ್ತಿ ಪತ್ರಿಕಾ ಮನೆತನದವರು. ತಂದೆ ‘ವೀರಕೇಸರಿ’ ಎಂದೇ ಹೆಸರಾದ ಸೀತಾರಾಮ ಶಾಸ್ತ್ರಿಗಳು. ಮಗನೂ ಪತ್ರಿಕೆ ನಡೆಸಿದರು, ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವುಗಳಲ್ಲಿ ಬಹಳಷ್ಟು ಕೊಲೆ, ಕಳವು, ಗುಪ್ತ ಸಂಚುಗಳ ಕಥೆಗಳು. ಅಂದಿನ ಬೆಂಗಳೂರಿನಲ್ಲಿ ಕನ್ನಡಕ್ಕೆ ನಿಲ್ಲಲು ಜಾಗವಿಲ್ಲ ಎಂಬ ಕೊರಗು ಹರಡಿದ್ದ ಕಾಲ. ಅ.ನ. ಕೃಷ್ಣರಾಯರಂಥ ಹಿರಿಯರು ಬೀದಿಗಿಳಿದಿದ್ದರು. ರಾಮಮೂರ್ತಿಯವರೂ ಕಾದಂಬರಿಯ ಹಸ್ತಪ್ರತಿಯನ್ನು ಬದಿಗಿಟ್ಟು ಚಳವಳಿಗೆ ಧುಮುಕಿದರು, ‘ಕನ್ನಡ ಪಕ್ಷ’ ಕಟ್ಟಿದರು. ಚಳವಳಿಗೊಂದು ಬಾವುಟ ಬೇಕಾಯಿತು. ಅರಿಶಿನ-ಕುಂಕುಮದ ಬಣ್ಣದ ಆ ಬಾವುಟ ಬಂದದ್ದು 1960ರ ದಶಕದ ನಡುವೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಂದರೆ ನಾಡಿನ ಹೆಸರಿಗಿಂತ ಬಾವುಟವೇ ಹಳೆಯದು.

1967ರ ಡಿಸೆಂಬರ್‌ನಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು ರಾಮಮೂರ್ತಿ ತೀರಿಕೊಂಡರು. ಜೊತೆಯಲ್ಲಿದ್ದ ಇಬ್ಬರು ಗಂಡುಮಕ್ಕಳೂ ಉಳಿಯಲಿಲ್ಲ. ಅವರಿಗಾಗ ಐವತ್ತು ಕೂಡ ತುಂಬಿರಲಿಲ್ಲ. 2018ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ನಡುವೆ ಬಿಳಿ ಸೇರಿಸಿದ ಬೇರೊಂದು ಧ್ವಜಕ್ಕೆ ಒಪ್ಪಿಗೆ ಕೊಟ್ಟು ಕೇಂದ್ರಕ್ಕೆ ಶಿಫಾರಸು ಮಾಡಿದಾಗ ಹಳೆಯ ಬಾವುಟದ ಚರಿತ್ರೆ ಪತ್ರಿಕೆಗಳಲ್ಲಿ ಕೆಲವು ದಿನ ಓಡಾಡಿತು. ಕಾದಂಬರಿಗಳ ವಿಷಯ ಮಾತ್ರ ಆಗಲೂ ಒಂದು ಸಾಲಿಗೆ ಮುಗಿಯಿತು.

ಇದು ಒಬ್ಬ ಲೇಖಕರ ಕಥೆಯಷ್ಟೇ ಅಲ್ಲ. ಕನ್ನಡದಲ್ಲಿ ಪತ್ತೇದಾರಿ, ರಹಸ್ಯ, ವಿಜ್ಞಾನ ಕಥೆ ಬರೆದ ಹಲವರ ಪಾಡು ಇದೇ. ಪುಸ್ತಕ ಓದಿದವರು ಲಕ್ಷಾಂತರ, ಬರೆದವರನ್ನು ನೆನಪಿಟ್ಟವರು ಕೆಲವೇ ಮಂದಿ. ಹೊರನಾಡ ಕನ್ನಡಿಗರಲ್ಲಿ ಈ ಪುಸ್ತಕಗಳ ಋಣ ಇನ್ನೂ ತುಸು ಹೆಚ್ಚೇ ಇದೆ.

ಪಠ್ಯಪುಸ್ತಕದ ಒಳಗಿನ ಪುಸ್ತಕ

ಹೋಟೆಲು ಕೆಲಸಕ್ಕೆಂದು ಹದಿಮೂರು, ಹದಿನಾಲ್ಕನೇ ವಯಸ್ಸಿಗೆ ಮುಂಬಯಿಯ ರೈಲು, ಬಸ್ಸು ಹತ್ತಿದ ಹುಡುಗರು ಹಗಲು ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತು ಕಲಿತರು. ಆ ತಲೆಮಾರಿನ ಯಾರನ್ನು ಕೇಳಿದರೂ ಪಾಠದ ಪುಸ್ತಕದ ಜೊತೆಗೆ ಇನ್ನೊಂದು ಪುಸ್ತಕದ ಹೆಸರು ಬರುತ್ತದೆ. ದಿಂಬಿನಡಿ ಇಡುತ್ತಿದ್ದದ್ದು, ಊರಿಂದ ಬಂದವರು ತಂದದ್ದು, ಬಾಡಿಗೆಗೆ ಸಿಕ್ಕಿದ್ದು, ಕೈಯಿಂದ ಕೈಗೆ ದಾಟಿ ರಟ್ಟು ಹರಿದದ್ದು. ಮಾಸ್ತರು ಕಂಡರೆ ಕಿವಿ ಹಿಂಡುತ್ತಿದ್ದ ಆ ಪುಸ್ತಕವೇ ಅಕ್ಷರ ಕೂಡಿಸಿ ಓದುವುದನ್ನು ರೂಢಿ ಮಾಡಿಸಿತು. ಕೊಲೆಗಾರ ಯಾರೆಂದು ತಿಳಿಯಬೇಕಾದರೆ ಓದಲೇಬೇಕಲ್ಲ!

ರಟ್ಟು ಹರಿದುಹೋದರೆ ಲೇಖಕರ ಹೆಸರೂ ಅದರ ಜೊತೆಗೇ ಹೋಗುತ್ತದೆ. ಕೊನೆಯ ಪುಟ ಹರಿದರೆ ಓದುಗರು ಗೋಳಾಡುತ್ತಿದ್ದರು, ಮೊದಲ ಪುಟ ಹರಿದರೆ ಯಾರಿಗೂ ಚಿಂತೆ ಇರಲಿಲ್ಲ. ಪತ್ತೇದಾರಿ ಕಾದಂಬರಿಕಾರರಿಗೆ ಆದ ಅನ್ಯಾಯ ಶುರುವಾಗುವುದು ಈ ಮೊದಲ ಪುಟದಿಂದಲೇ ಎನ್ನಬೇಕು.

ಹಾಗೆ ಓದಿಸಿಕೊಂಡವರಲ್ಲಿ ದೊಡ್ಡ ಹೆಸರು ಎನ್. ನರಸಿಂಹಯ್ಯನವರದು. ಅವರು ಓದಿದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಬರೆದದ್ದು ಐನೂರಕ್ಕೂ ಮಿಕ್ಕಿದ ಕಾದಂಬರಿಗಳು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ತೊಡಗಿ ಪುರುಷೋತ್ತಮ, ಮಧುಸೂದನ, ಅರಿಂಜಯ ಮುಂತಾದ ಪತ್ತೇದಾರರನ್ನು ಅವರು ಕನ್ನಡದ ಮನೆಮನೆಗೆ ಕಳಿಸಿದರು. ಲಂಡನ್ನಿನ ಮಂಜು, ಕುದುರೆಗಾಡಿಗಳ ಷರ್ಲಾಕ್ ಹೋಮ್ಸ್‌ನ ಹೆಸರು ಕೇಳದವರಿಗೂ ಪುರುಷೋತ್ತಮ ಗೊತ್ತಿದ್ದ. ವಾಕ್ಯ ಸಣ್ಣದು, ಮಾತು ನೇರ, ಅಧ್ಯಾಯ ಮುಗಿಯುವಲ್ಲಿ ಒಂದು ತಿರುವು. ಹೊಸದಾಗಿ ಅಕ್ಷರ ಕಲಿತವರಿಗೆ ಇದಕ್ಕಿಂತ ಒಳ್ಳೆಯ ಮೆಟ್ಟಿಲು ಬೇರೆ ಇರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಸಾವಿರಾರು ಮಂದಿಗೆ ಓದುವ ಹುಚ್ಚು ಹತ್ತಿಸಿದರು ಎಂಬುದನ್ನು ಸಾಹಿತ್ಯ ಚರಿತ್ರೆ ಬರೆದವರು ಹೆಚ್ಚಾಗಿ ಜಮಾಖರ್ಚಿಗೆ ಹಿಡಿದಿಲ್ಲ. 2011ರಲ್ಲಿ ನರಸಿಂಹಯ್ಯ ತೀರಿಕೊಂಡರು.

ಅವರ ಕಾದಂಬರಿಗಳೆಲ್ಲ ಶ್ರೇಷ್ಠ ಎಂದು ಹೇಳಬೇಕಾಗಿಲ್ಲ. ಐನೂರು ಬರೆದವರು ಐನೂರನ್ನೂ ಒಂದೇ ಹದದಲ್ಲಿ ಬರೆಯಲಾರರು. ಕೆಲವು ಕಡೆ ಪತ್ತೇದಾರನ ಅದೃಷ್ಟವೇ ಪತ್ತೇದಾರನಿಗಿಂತ ಜಾಣ. ಆದರೆ ಓದುಗನನ್ನು ಮುಂದಿನ ಪುಟಕ್ಕೆ ಒಯ್ಯುವ ವಿದ್ಯೆ ಸುಲಭವಲ್ಲ ಎಂಬುದು ಆ ವಿದ್ಯೆಯಿಲ್ಲದ ಕಾದಂಬರಿಗಳನ್ನು ಓದಿದವರಿಗೆ ಚೆನ್ನಾಗಿ ಗೊತ್ತು.

ಇನ್ನೊಬ್ಬರು ಟಿ.ಕೆ. ರಾಮರಾವ್. ‘ಬಂಗಾರದ ಮನುಷ್ಯ’ ನೋಡದ ಕನ್ನಡಿಗರು ವಿರಳ. 1972ರಲ್ಲಿ ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಆ ಚಿತ್ರ ನೋಡಿ ಊರಿಗೆ ಮರಳಿ ಬೇಸಾಯಕ್ಕೆ ನಿಂತವರ ಕಥೆಗಳು ಈಗಲೂ ಚಾಲ್ತಿಯಲ್ಲಿವೆ. ಮುಂಬಯಿಯ ಗಲ್ಲೆಯಲ್ಲಿ ಕೂತು ಅದೇ ಕನಸು ಕಂಡು, ಕಾಣುತ್ತಲೇ ನಿವೃತ್ತರಾದವರೂ ಇದ್ದಾರೆ. ಆ ಚಿತ್ರದ ಮೂಲ ಕಾದಂಬರಿ ಟಿ.ಕೆ. ರಾಮರಾಯರದು. ಅವರು ಹೆಸರು ಮಾಡಿದ್ದೋ ಪತ್ತೇದಾರಿ, ರಹಸ್ಯ ಕಾದಂಬರಿಗಳಿಂದ. ಒಬ್ಬ ರಹಸ್ಯ ಕಾದಂಬರಿಕಾರ ಮಣ್ಣಿನ ಮಗನ ಕಥೆ ಬರೆಯುತ್ತಾನೆ, ಇನ್ನೊಬ್ಬ ಇಡೀ ನಾಡಿಗೆ ಬಾವುಟ ಕೊಡುತ್ತಾನೆ. ಆದರೂ ‘ಪತ್ತೇದಾರಿ ಬರೆಯುವವರು’ ಎಂದರೆ ಸಾಹಿತ್ಯದ ಪಂಕ್ತಿಯಲ್ಲಿ ಕೊನೆಯ ಎಲೆಯೇ ಗತಿ.

ಗಿರ್‌ಗಾಂವ್‌ನ ಕನ್ನಡಕದ ಅಂಗಡಿ

ಈ ಭೇದ ಕನ್ನಡಕ್ಕಷ್ಟೇ ಸೀಮಿತವಲ್ಲ ಎಂಬುದನ್ನು ತಿಳಿಯಲು ಮುಂಬಯಿ ಕನ್ನಡಿಗರು ದೂರ ಹೋಗಬೇಕಿಲ್ಲ. ಅಕ್ಕಪಕ್ಕದ ಖೋಲಿಯ ಮರಾಠಿ ಮನೆಗಳಲ್ಲಿ ಇದೇ ಕಾಲದಲ್ಲಿ ಬಾಬೂರಾವ್ ಅರ್ನಾಳಕರ್ ಅವರ ‘ರಹಸ್ಯಕಥಾ’ಗಳು ಹೀಗೆಯೇ ಕೈಯಿಂದ ಕೈಗೆ ದಾಟುತ್ತಿದ್ದವು. ಝುಂಝಾರ್, ಕಾಳಾ ಪಹಾಡ್ ಎಂಬ ಅವರ ನಾಯಕರ ಹೆಸರು ಕೇಳಿದರೆ ಎಪ್ಪತ್ತು ದಾಟಿದ ಮರಾಠಿಗರ ಮುಖ ಇಂದಿಗೂ ಅರಳುತ್ತದೆ. ಸಾವಿರಕ್ಕೂ ಹೆಚ್ಚು ರಹಸ್ಯ ಕಥೆ ಬರೆದ ಅರ್ನಾಳಕರ್ ಗಿರ್‌ಗಾಂವ್‌ನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದರು. ಗೂಢಕಥೆಗಳಿಂದ ಮರಾಠಿ ಓದುಗರ ನಿದ್ದೆಗೆಡಿಸಿದ, 2020ರ ಮೇ ತಿಂಗಳಲ್ಲಿ ತೀರಿಕೊಂಡ ರತ್ನಾಕರ ಮತಕರಿ 1978ರವರೆಗೆ ಬ್ಯಾಂಕ್ ಆಫ್ ಇಂಡಿಯಾದಲ್ಲಿ ನೌಕರಿ ಮಾಡಿದವರು. ಹಗಲು ಲೆಡ್ಜರು, ರಾತ್ರಿ ದೆವ್ವ. ಬ್ಯಾಂಕಿನ ಕೌಂಟರಿನ ಆಚೆ ಕೂತವರನ್ನು ಗಿರಾಕಿಗಳು ಸ್ವಲ್ಪ ಗೌರವದಿಂದ ನೋಡಲಿಕ್ಕೆ ಇದೂ ಒಂದು ಕಾರಣವಾದೀತು.

ಹೊತ್ತುಹೊತ್ತಿನ ನೌಕರಿ ಮುಗಿಸಿ, ಉಳಿದ ಹೊತ್ತಿನಲ್ಲಿ ಬರೆದವರ ಈ ಸಾಲಿನಲ್ಲಿ ಎಲ್ಲರಿಗಿಂತ ವಿಚಿತ್ರವಾದ ಕಥೆ ನಾರಾಯಣ ವಿನಾಯಕ ಜಗತಾಪ್ ಎಂಬವರದು.

ಮುಂಬಯಿಯಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಎಂಬ ಸಂಸ್ಥೆಯಿದೆ. 1966ರಲ್ಲಿ ಹುಟ್ಟಿದ್ದು, ಅದರ ಕಟ್ಟಡ ಇರುವುದು ಶೀವ್-ಚುನಾಭಟ್ಟಿಯಲ್ಲಿ. ಮರಾಠಿಯಲ್ಲಿ ವಿಜ್ಞಾನ ಬರೆಯುವವರನ್ನು ಹುಡುಕಿ ಬೆಳೆಸುವುದು ಅದರ ಕೆಲಸ. 1974ರಲ್ಲಿ ಪರಿಷತ್ತು ವಿಜ್ಞಾನ ಕಥಾ ಸ್ಪರ್ಧೆ ನಡೆಸಿತು. ಬಂದ ಕಥೆಗಳಲ್ಲಿ ‘ಕೃಷ್ಣವಿವರ’ ಎಂಬುದು ಮೊದಲ ಬಹುಮಾನಕ್ಕೆ ಆಯ್ಕೆಯಾಯಿತು. (ಇಲ್ಲಿ ‘ವಿವರ’ ಎಂದರೆ ಕನ್ನಡದಲ್ಲಿ ಬಳಸುವ ವಿವರವಲ್ಲ, ಸಂಸ್ಕೃತದ ರಂಧ್ರ. ಕನ್ನಡದಲ್ಲಿ ಕಪ್ಪುಕುಳಿ ಅಥವಾ ಕಪ್ಪುರಂಧ್ರ ಎನ್ನುತ್ತೇವೆ.) ಬರೆದವರು ಜಗತಾಪ್. ಮರಾಠಿ ಸಾಹಿತ್ಯದಲ್ಲಿ ಅಂಥ ಹೆಸರನ್ನು ಯಾರೂ ಕೇಳಿರಲಿಲ್ಲ.

ಕೇಳಿರುವುದು ಸಾಧ್ಯವೂ ಇರಲಿಲ್ಲ. ಹೆಸರಿನ ಮೊದಲಕ್ಷರಗಳನ್ನು ತಿರುವಿ ಹಾಕಿದರೆ ಗುಟ್ಟು ರಟ್ಟಾಗುತ್ತದೆ. ನಾ.ವಿ.ಜ. ಅಲ್ಲ, ಜ.ವಿ.ನಾ. ಎಂದರೆ ಜಯಂತ ವಿಷ್ಣು ನಾರಳೀಕರ್. ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿ, ಗುರುತ್ವಾಕರ್ಷಣೆಯ ಬಗ್ಗೆ ಗುರುವಿನೊಂದಿಗೆ ಸಿದ್ಧಾಂತ ಮಂಡಿಸಿ, 1965ರಲ್ಲಿ ಇಪ್ಪತ್ತಾರರ ವಯಸ್ಸಿಗೇ ಪದ್ಮಭೂಷಣ ಪಡೆದ ಖಗೋಳ ವಿಜ್ಞಾನಿ. 1972ರಲ್ಲಿ ಭಾರತಕ್ಕೆ ಮರಳಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ್ದರು. ದೇಶದ ವೃತ್ತಪತ್ರಿಕೆಗಳೆಲ್ಲ ಹಾಡಿ ಹೊಗಳಿದ ಹೆಸರು.

ಕಥೆ ಹುಟ್ಟಿದ ಬಗೆಯನ್ನು ಅವರೇ ಹೇಳಿಕೊಂಡಿದ್ದಾರೆ. ಅಹಮದಾಬಾದಿನಲ್ಲೊಂದು ವಿಚಾರಸಂಕಿರಣ. ವೇದಿಕೆಯ ಮೇಲಿನ ಉಪನ್ಯಾಸ ನೀರಸವಾಗಿತ್ತು. ಬಂದವರಿಗೆಲ್ಲ ಟಿಪ್ಪಣಿ ಮಾಡಿಕೊಳ್ಳಲೆಂದು ಕೊಟ್ಟಿದ್ದ ಕಾಗದದಲ್ಲಿ ನಾರಳೀಕರ್ ಉಪನ್ಯಾಸದ ಬದಲು ಕಥೆ ಬರೆಯತೊಡಗಿದರು. ನಮ್ಮ ಸಂಘ-ಸಂಸ್ಥೆಗಳ ಸಭೆಗಳಲ್ಲಿ ದೀರ್ಘ ಭಾಷಣ ಮಾಡುವವರು ಇದರಿಂದ ಸಮಾಧಾನ ಪಡಬಹುದು. ಕೇಳುಗರ ಸಾಲಿನಲ್ಲಿ ಎಂಥ ಸಾಹಿತ್ಯ ಹುಟ್ಟುತ್ತಿದೆಯೋ ಯಾರಿಗೆ ಗೊತ್ತು.

ಬರೆದ ಮೇಲೆ ಸಮಸ್ಯೆ ಎದ್ದಿತು. ಸ್ವಂತ ಹೆಸರಿನಲ್ಲಿ ಕಳಿಸಿದರೆ ತೀರ್ಪುಗಾರರು ಕಥೆಗೆ ಬಹುಮಾನ ಕೊಡುತ್ತಾರೋ ಹೆಸರಿಗೆ ಕೊಡುತ್ತಾರೋ ತಿಳಿಯುವುದಿಲ್ಲ. ಅದಕ್ಕಾಗಿ ಸುಳ್ಳು ಹೆಸರು. ಪರಿಷತ್ತಿನವರಿಗೆ ಅವರ ಕೈಬರಹದ ಪರಿಚಯವಿತ್ತು. ಅದಕ್ಕಾಗಿ ಕಥೆಯನ್ನು ಪತ್ನಿ ಮಂಗಲಾ ಅವರ ಅಕ್ಷರದಲ್ಲಿ ನಕಲು ಮಾಡಿಸಿದರು. ಮಂಗಲಾ ನಾರಳೀಕರ್ ಸ್ವತಃ ಗಣಿತಜ್ಞೆ. ಹೀಗೆ ಪತ್ತೇದಾರಿ ಕಾದಂಬರಿಯ ಖಳನಾಯಕ ಮಾಡುವ ಮುಂಜಾಗ್ರತೆಗಳನ್ನೆಲ್ಲ ಮಾಡಿ ವಿಜ್ಞಾನಿಯೊಬ್ಬರು ತಮ್ಮ ಪ್ರಾಮಾಣಿಕತೆಯನ್ನು ಪರೀಕ್ಷೆಗೊಡ್ಡಿಕೊಂಡರು. ಬಹುಮಾನ ಬಂದ ಮೇಲಷ್ಟೇ ನಿಜ ಹೆಸರು ಹೊರಬಿತ್ತು. ಆಮೇಲೆ ಕಥೆಗಳ ಸಾಲು. 1979ರಲ್ಲಿ ‘ಯಕ್ಷಾಂಚೀ ದೇಣಗೀ’ ಸಂಕಲನ, ನಂತರ ‘ಪ್ರೇಷಿತ’, ‘ವಾಮನ ಪರತ ನ ಆಲಾ’ ಮುಂತಾದ ಕಾದಂಬರಿಗಳು.

ಹೆಸರು ಮರೆಸಿಕೊಂಡು ಬರೆದ ಈ ವ್ಯಕ್ತಿಯ ಅದೃಷ್ಟ ನೋಡಿ: 2021ರಲ್ಲಿ ನಾಸಿಕದಲ್ಲಿ ನಡೆದ 94ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿ ಆಯ್ಕೆಯಾದರು. ಆರೋಗ್ಯ ಸರಿಯಿಲ್ಲದೆ ಹೋಗಲಾಗಲಿಲ್ಲ. 2025ರ ಮೇ 20ರಂದು ಪುಣೆಯಲ್ಲಿ ನಿಧನರಾದರು. ವಿಜ್ಞಾನ ಕಥೆಯನ್ನು ಮರಾಠಿ ಪಂಕ್ತಿಯ ಮೊದಲ ಎಲೆಗೆ ಕೂರಿಸಿಯೇ ಹೋದರೆನ್ನಬೇಕು. ಅವರಿಗೆ ಸಿಕ್ಕ ಆ ಎಲೆ ಅರ್ನಾಳಕರ್ ಅವರಿಗಾಗಲಿ, ಈಚೆ ನರಸಿಂಹಯ್ಯನವರಿಗಾಗಲಿ ಸಿಗಲಿಲ್ಲ.

ಕಂಪೆನಿ ಸರಕಾರದ ಬೊಂಬಾಯಿ

ಹೊಸದಾಗಿ ಓದಲು ಹೊರಡುವ ಮುಂಬಯಿ, ಪುಣೆಯ ಕನ್ನಡಿಗರು ನಾರಳೀಕರ್ ಅವರ ಒಂದು ಕಥೆಯಿಂದ ಪ್ರಾರಂಭಿಸಬಹುದು. ‘ಗಂಗಾಧರಪಂತಾಂಚೇ ಪಾನಿಪತ’ ಎಂಬುದು ಅದರ ಹೆಸರು. ಇಂಗ್ಲಿಷ್ ರೂಪ ‘ದಿ ಅಡ್ವೆಂಚರ್’ ಎಂಬ ಹೆಸರಿನಲ್ಲಿ ಎನ್‌ಸಿಇಆರ್‌ಟಿಯ 11ನೇ ತರಗತಿಯ ‘ಹಾರ್ನ್‌ಬಿಲ್’ ಪಠ್ಯದಲ್ಲಿ ಸೇರಿತ್ತು. ಸಿಬಿಎಸ್‌ಇ ಶಾಲೆಗಳಲ್ಲಿ ಓದಿದ ಅನೇಕ ಕನ್ನಡ ಮಕ್ಕಳು ಪರೀಕ್ಷೆಗೆಂದು ಅದನ್ನು ಓದಿದ್ದಾರೆ, ಇದು ಮರಾಠಿಯ ಕಥೆ ಎಂಬುದು ತಿಳಿಯದೆಯೇ.

ಪುಣೆಯ ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತ ಗಾಯತೊಂಡೆ ಮುಂಬಯಿಗೆ ರೈಲು ಹತ್ತುತ್ತಾರೆ. ರೈಲು ಡೆಕ್ಕನ್ ಕ್ವೀನ್ ಅಲ್ಲ, ಜಿಜಾಮಾತಾ ಎಕ್ಸ್‌ಪ್ರೆಸ್. ಲೋಣಾವಳ, ಕರ್ಜತ್, ಕಲ್ಯಾಣ ದಾಟಿದ ಮೇಲೆ ‘ಸರಹದ್’ ಎಂಬ ನಿಲ್ದಾಣ ಬರುತ್ತದೆ. ಅಲ್ಲಿ ಪರವಾನಗಿ ತಪಾಸಣೆ. ಏಕೆಂದರೆ ಮುಂದಿನದು ಬ್ರಿಟಿಷರ ನೆಲ! ವಿ.ಟಿ.ಯಲ್ಲಿಳಿದು ಹೊರಗೆ ಬಂದರೆ ಈಸ್ಟ್ ಇಂಡಿಯಾ ಕಂಪೆನಿಯ ಕಟ್ಟಡ ಎದ್ದು ನಿಂತಿದೆ. ಹಾರ್ನ್‌ಬಿ ರಸ್ತೆಯಲ್ಲಿ ಹ್ಯಾಂಡ್‌ಲೂಮ್ ಹೌಸ್ ಇಲ್ಲ, ವಿಲಾಯತಿ ಅಂಗಡಿಗಳಿವೆ. ಮಗ ಕೆಲಸ ಮಾಡುವ ಕಂಪೆನಿಗೆ ಹೋಗಿ ವಿಚಾರಿಸಿದರೆ ಆ ಹೆಸರಿನವರು ಅಲ್ಲಿ ಯಾರೂ ಇಲ್ಲ ಎಂಬ ಉತ್ತರ.

ಗಾಬರಿಗೊಂಡ ಪ್ರಾಧ್ಯಾಪಕರು ಪೊಲೀಸರ ಬಳಿ ಹೋಗುವುದಿಲ್ಲ, ಟೌನ್‌ಹಾಲ್‌ನ ಗ್ರಂಥಾಲಯಕ್ಕೆ ಹೋಗುತ್ತಾರೆ. ಪತ್ತೇದಾರಿ ನಡೆಯುವುದು ಇತಿಹಾಸ ಗ್ರಂಥಗಳ ಪುಟಗಳಲ್ಲಿ. ಕೊನೆಗೆ ಸುಳಿವು ಸಿಗುತ್ತದೆ. 1761ರ ಪಾನಿಪತ್ ಕದನದಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನಿಗೆ ಗುಂಡು ತಗಲಿ, ಸೈನ್ಯ ಧೃತಿಗೆಟ್ಟು ಮರಾಠರು ಸೋತರು ಎಂಬುದು ನಾವು ಓದಿದ ಚರಿತ್ರೆ. ಆ ಪುಸ್ತಕದಲ್ಲಿ ಗುಂಡು ಎಳ್ಳಿನಷ್ಟು ಅಂತರದಲ್ಲಿ ಕಿವಿಯ ಪಕ್ಕದಿಂದ ಹಾದುಹೋಗಿದೆ. ಅಲ್ಲಿಂದ ಚರಿತ್ರೆ ಬೇರೆ ದಾರಿ ಹಿಡಿದಿದೆ. ಮರಾಠರು ಗೆದ್ದರು, ಕಂಪೆನಿ ಬೊಂಬಾಯಿಯಂಥ ಕೆಲವೇ ನೆಲೆಗಳಲ್ಲಿ ಮುದುಡಿ ಕೂತಿತು. ಸಂಜೆ ಆಜಾದ್ ಮೈದಾನದಲ್ಲಿ ಭಾಷಣವೊಂದು ನಡೆಯುತ್ತಿರುತ್ತದೆ. ಅಧ್ಯಕ್ಷರ ಕುರ್ಚಿ ಖಾಲಿ. ನಮ್ಮ ಪ್ರಪಂಚದಲ್ಲಿ ಸಾವಿರದ ಸಭೆಯ ಅಧ್ಯಕ್ಷತೆಯ ಹೊಸ್ತಿಲಲ್ಲಿದ್ದ ಪಂತರಿಗೆ ತಡೆಯಲಾಗುವುದಿಲ್ಲ, ಹೋಗಿ ಕೂತುಬಿಡುತ್ತಾರೆ. ಆದರೆ ಆ ನಾಡಿನವರು ಅಧ್ಯಕ್ಷರ ಭಾಷಣ ಎಂಬುದನ್ನೇ ಕೈಬಿಟ್ಟಿದ್ದಾರೆ! ಟೊಮೆಟೊ, ಮೊಟ್ಟೆಗಳ ಸುರಿಮಳೆ.

ಮುಂದಿನದನ್ನು ಹೇಳಿಬಿಟ್ಟರೆ ಕೊನೆಯ ಪುಟ ಹರಿದು ಕೊಟ್ಟಂತಾದೀತು. ಫೋರ್ಟ್‌ನಲ್ಲಿ ದಿನಾ ಓಡಾಡುವ ನೌಕರರು ಈ ಕಥೆ ಓದಿ ಒಮ್ಮೆ ವಿ.ಟಿ.ಯಿಂದ ಟೌನ್‌ಹಾಲ್‌ವರೆಗೆ ನಡೆದು ನೋಡಬೇಕು. ಪರಿಚಿತ ಬೀದಿಯನ್ನು ಅಪರಿಚಿತ ಮಾಡಿ ತೋರಿಸುವುದು ಈ ಬಗೆಯ ಕಥೆಗಳ ಶಕ್ತಿ. ಅದಕ್ಕೆ ರಾಕೆಟ್ಟೂ ಬೇಕಿಲ್ಲ, ಅನ್ಯಗ್ರಹದ ಜೀವಿಯೂ ಬೇಕಿಲ್ಲ.

ಮುಸುಕಿನ ಜೋಳದ ರಹಸ್ಯ

ಕನ್ನಡದಲ್ಲಿ ಇಂಥದ್ದು ಇಲ್ಲವೇ ಎಂಬ ಪ್ರಶ್ನೆ ಬರುವುದು ಸಹಜ. ರಾಜಶೇಖರ ಭೂಸನೂರಮಠ ಮತ್ತು ‘ಮನು’ ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಕನ್ನಡಕ್ಕೆ ವಿಜ್ಞಾನ ಕಥೆಗಳನ್ನು ಕೊಟ್ಟವರು. ಮಹಾಭಾರತವನ್ನು ಅನ್ಯಲೋಕದವರ ಸಂಪರ್ಕದ ಕಣ್ಣಿನಿಂದ ನೋಡಿದ ಮನು ಅವರ ‘ಮಹಾಸಂಪರ್ಕ’ ಓದಿದವರು ಅದನ್ನು ಮರೆಯುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಅಂತೂ ರೋಚಕ ಕಾದಂಬರಿಯೇ. ತೇಜಸ್ವಿ ಬರೆದರು ಎಂಬ ಕಾರಣಕ್ಕೆ ಅದನ್ನು ಯಾರೂ ಪತ್ತೇದಾರಿ ಕಪಾಟಿಗೆ ಹಾಕಲಿಲ್ಲ. ಹೆಸರು ನೋಡಿ ಮಣೆ ಹಾಕುತ್ತಾರೆಂಬ ನಾರಳೀಕರ್ ಅವರ ಅಳುಕು ಎಷ್ಟು ನಿಜವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಚಿನವರಲ್ಲಿ ತಪ್ಪದೆ ಓದಬೇಕಾದವರು ಡಾ. ಕೆ.ಎನ್. ಗಣೇಶಯ್ಯ. ಇವರೂ ಉಳಿದ ಹೊತ್ತಿನಲ್ಲಿ ಬರೆದವರೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಸಸ್ಯ, ಕೀಟ, ವಿಕಾಸಗಳ ಬಗ್ಗೆ ಸಂಶೋಧನೆ ನಡೆಸಿದ ವಿಜ್ಞಾನಿ. ಸಾಕಷ್ಟು ತಡವಾಗಿ ಕಥೆಗಿಳಿದು ‘ಶಾಲಭಂಜಿಕೆ’, ‘ಕನಕ ಮುಸುಕು’, ‘ಕರಿಸಿರಿಯಾನ’, ‘ಚಿತಾದಂತ’ ಎಂದು ಒಂದರ ಹಿಂದೊಂದು ಕೃತಿ ಕೊಟ್ಟರು. ಪತ್ತೇದಾರಿ, ಇತಿಹಾಸ, ವಿಜ್ಞಾನ ಮೂರನ್ನೂ ಒಂದೇ ಕುಕ್ಕರಿನಲ್ಲಿ ಬೇಯಿಸುವ ಅವರ ಪಾಕ ಕನ್ನಡಕ್ಕೆ ಹೊಸದು.

‘ಕನಕ ಮುಸುಕು’ವಿನ ಹಿಂದಿರುವ ಸಂಗತಿಯನ್ನೇ ನೋಡೋಣ. ಮೆಕ್ಕೆಜೋಳ, ಅಂದರೆ ಮುಸುಕಿನ ಜೋಳ, ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅತ್ತ ಕಾಲಿಟ್ಟ ಮೇಲಷ್ಟೇ ಅದು ಉಳಿದ ಪ್ರಪಂಚಕ್ಕೆ ಬಂತು ಎಂಬುದು ಪಾಠ. ಆದರೆ 1268ರ ಸುಮಾರಿಗೆ ಕಟ್ಟಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ, ಇತರ ಹೊಯ್ಸಳ ಗುಡಿಗಳಲ್ಲಿ, ಕೆಲವು ಶಿಲ್ಪಗಳ ಕೈಯಲ್ಲಿ ತೆನೆಯಂಥ ವಸ್ತುವೊಂದಿದೆ. ಸಾಲುಸಾಲು ಕಾಳು, ಪಕ್ಕದಲ್ಲಿ ಸಿಪ್ಪೆಯಂಥದು. ಅದು ಮುಸುಕಿನ ಜೋಳವೇ ಎಂದು 1989ರಲ್ಲಿ ಅಮೆರಿಕದ ಸಂಶೋಧಕರಿಬ್ಬರು ವಿಜ್ಞಾನ ಪತ್ರಿಕೆಯಲ್ಲಿ ವಾದಿಸಿದರು. ಅಲ್ಲ, ಅದು ಮುತ್ತುಗಳನ್ನು ಕೂರಿಸಿದ ‘ಮುಕ್ತಾಫಲ’ ಎಂಬ ಕಾಲ್ಪನಿಕ ಹಣ್ಣು ಎಂದು ಭಾರತದ ವಿಜ್ಞಾನಿಗಳು ಉತ್ತರ ಕೊಟ್ಟರು. ಜೋಳ ಎಂದು ಒಪ್ಪಿಕೊಂಡರೆ ಕೊಲಂಬಸ್‌ಗಿಂತ ಎರಡು ಶತಮಾನ ಮೊದಲೇ ಸಾಗರ ದಾಟಿ ಬಂದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಬಹುಪಾಲು ತಜ್ಞರು ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಬೀಜ ಬೇಕೇ? ಒಬ್ಬ ಕೃಷಿ ವಿಜ್ಞಾನಿಯ ಕಣ್ಣಿಗಷ್ಟೇ ಬೀಳಬಹುದಾದ ಬೀಜ ಅದು.

ಗಣೇಶಯ್ಯನವರ ಪುಸ್ತಕಗಳಲ್ಲಿ ಇನ್ನೊಂದು ವಿಶೇಷವಿದೆ. ಯಾವುದು ದಾಖಲೆ, ಯಾವುದು ಕಲ್ಪನೆ ಎಂದು ಓದುಗರೇ ತಾಳೆ ನೋಡಲು ಆಕರಗಳ ಪಟ್ಟಿ ಕೊಡುತ್ತಾರೆ. ಲೆಕ್ಕ ಪರಿಶೋಧನೆಗೆ ಪುಸ್ತಕವನ್ನು ತಾವಾಗಿಯೇ ಮುಂದಿಡುವ ಕಾದಂಬರಿಕಾರರು ಅಪರೂಪ. ಪಾತ್ರಗಳು ಕೆಲವೊಮ್ಮೆ ಮಾತಾಡುವ ಬದಲು ಉಪನ್ಯಾಸ ಕೊಡುತ್ತವೆ ಎಂಬ ದೂರು ಇದೆ, ಅದು ಸುಳ್ಳೂ ಅಲ್ಲ. ಆದರೂ ಕೆಳಗಿಡಲು ಮನಸ್ಸು ಬರುವುದಿಲ್ಲ. ದಾದರ್‌ನಿಂದ ಡೊಂಬಿವಲಿಯವರೆಗೆ ನಿಂತೇ ಹೋಗುವವರಿಗೆ ಇದು ಸಣ್ಣ ಪ್ರಯೋಜನವಲ್ಲ. ರೈಲಿನಲ್ಲಿ ಪುಸ್ತಕ ಬಿಡಿಸಲು ಜಾಗವಿಲ್ಲದಿದ್ದರೆ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳು ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ದೊರೆಯುತ್ತವೆ. ಹೊಸಬರನ್ನು ಪತ್ತೆಹಚ್ಚಲು ಇದು ಸುಲಭದ ದಾರಿ. ಮೈಸೂರಿನ ಅನುಷ್ ಶೆಟ್ಟಿಯಂಥ ತರುಣರ ರೋಚಕ ಕಾದಂಬರಿಗಳು ಹೊಸ ಓದುಗರನ್ನು ಗಳಿಸಿವೆ. ಕನ್ನಡ ಮಾತಾಡುತ್ತದೆ, ಆದರೆ ಓದಲು ಬೇಸರಿಸುತ್ತದೆ ಎಂದು ಹೊರನಾಡ ಮನೆಗಳಲ್ಲಿ ಮಕ್ಕಳ ಬಗ್ಗೆ ಇರುವ ದೂರಿಗೆ, ಕಿವಿಯಲ್ಲಿ ಕೇಳುವ ಒಂದು ಪತ್ತೇದಾರಿ ಕಥೆಯಿಂದ ಚಿಕಿತ್ಸೆ ಆರಂಭಿಸಿ ನೋಡಬಹುದು. ಅಜ್ಜನಿಗೆ ಪುರುಷೋತ್ತಮ ಮಾಡಿದ ಉಪಕಾರವನ್ನು ಮೊಮ್ಮಗಳಿಗೆ ಇನ್ನಾರೋ ಮಾಡಿಯಾರು.

ಹಳಬರದು ಅಷ್ಟು ಸುಲಭವಿಲ್ಲ. ಅಗ್ಗದ ಕಾಗದದಲ್ಲಿ ಅಚ್ಚಾದ ಐವತ್ತು, ಅರವತ್ತರ ದಶಕದ ಪತ್ತೇದಾರಿ ಕಾದಂಬರಿಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ. ಪ್ರಶಸ್ತಿ ಪಡೆದ ಕಾದಂಬರಿಗಳನ್ನು ಜೋಪಾನವಾಗಿಟ್ಟ ಗ್ರಂಥಾಲಯಗಳು ಇವನ್ನು ರದ್ದಿಗೆ ಹಾಕಿರುವ ಸಂಭವವೇ ಹೆಚ್ಚು. ಉಳಿದಿದ್ದರೆ ಅವು ಉಳಿದಿರುವುದು ಊರಿನ ಮನೆಯ ಅಟ್ಟದಲ್ಲಿ, ತಾತನ ಟ್ರಂಕಿನಲ್ಲಿ, ಚಾಳಿನ ಮಾಳಿಗೆಯ ಮೇಲಿನ ಗಂಟಿನಲ್ಲಿ. ದೀಪಾವಳಿಗೆ ಮನೆ ಗುಡಿಸುವಾ‌ಗ ಅಂಥದ್ದು ಸಿಕ್ಕರೆ ರದ್ದಿಯವನನ್ನು ಕರೆಯುವ ಮೊದಲು ಒಳಪುಟ ತೆರೆದು ಬರೆದವರ ಹೆಸರು, ಅಚ್ಚಾದ ವರ್ಷ ನೋಡಬೇಕು. ರಟ್ಟು ಹೋಗಿದ್ದರೆ ಮೊದಲ ಪುಟದ ಮೇಲೆ ಆ ಎರಡನ್ನೂ ಪೆನ್ನಿನಿಂದ ಬರೆದಿಡಬೇಕು. ಹತ್ತಿರದ ಕನ್ನಡ ಸಂಘದ ವಾಚನಾಲಯಕ್ಕೆ ಕೊಟ್ಟರೆ ಒಂದು ಕಪಾಟಿನ ಒಂದು ಅಡ್ಡಪಟ್ಟಿ ಅದಕ್ಕೆ ಸಾಕು.

ದೀಪಾವಳಿಯ ಆಸುಪಾಸಿನಲ್ಲೇ ರಾಜ್ಯೋತ್ಸವ. ಆಹ್ವಾನ ಪತ್ರಿಕೆಗಳ ಮೇಲ್ಭಾಗದಲ್ಲಿ ಹಳದಿ-ಕೆಂಪು ಬಾವುಟದ ಚಿತ್ರ ಇದ್ದೇ ಇರುತ್ತದೆ. ಕೆಳಗೆ ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರು, ಕೋಶಾಧಿಕಾರಿಗಳು, ಜೊತೆ ಕೋಶಾಧಿಕಾರಿಗಳು ಎಂದು ಇಪ್ಪತ್ತು, ಇಪ್ಪತ್ತೈದು ಹೆಸರುಗಳು. ಬಾವುಟದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಮ. ರಾಮಮೂರ್ತಿ, ಕಾದಂಬರಿಕಾರರು’ ಎಂದು ಸೇರಿಸಲು ಮುದ್ರಕರು ಹೆಚ್ಚಿನ ಹಣ ಕೇಳುವುದಿಲ್ಲ.